ಶಿವಯ್ಯನವರ ಮಗನ ಅಂಗೈ

ಕಳಸದ ಕಾಫಿ ವ್ಯಾಪಾರಿ ಷಡಕ್ಷರಿಗೆ ನಲವತ್ತು ಹತ್ತಿರವಾಗುವ ತನಕ ಇದ್ದದ್ದು ಒಂದು ಬಲಗೈ ಮಾತ್ರ. ಉಳಿದ ಮೈ ಆ ಕೈಯನ್ನು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಹೊತ್ತು ತಿರುಗಲು ದೇವರು ಕೊಟ್ಟ ಸಾಮಾನು. ಇದು ನಾವು ಹೊಟ್ಟೆಕಿಚ್ಚಿಗೆ ಹೇಳುವ ಮಾತಲ್ಲ, ಅವನೇ ಹೇಳಿಕೊಂಡು ನಗುತ್ತಿದ್ದ ಮಾತು. ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರು ಕಳಸದಿಂದ ಮೂಡಿಗೆರೆಯ ತನಕ ಹುಡುಕಿದರೂ ಸಿಗುತ್ತಿರಲಿಲ್ಲ. ಬೇರೆಯವರು ನಗುವ ಮುಂಚೆ ನಾವೇ ನಕ್ಕುಬಿಟ್ಟರೆ ಪೆಟ್ಟು ಅಷ್ಟಾಗಿ ತಾಗುವುದಿಲ್ಲ ಎಂಬುದನ್ನು ಅವನು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದ.

ಮೊದಲು ಆ ಕೈಯ ವಿಷಯ ಹೇಳಿಬಿಡಬೇಕು. ಷಡಕ್ಷರಿಯ ಅಪ್ಪ ಶಿವಯ್ಯನವರು ಕಳಸದ ಪೇಟೆಯಲ್ಲಿ ಮೊದಲು ಕಾಳುಮೆಣಸು ಕೊಳ್ಳುತ್ತಿದ್ದರು. ತೊಂಬತ್ತರ ದಶಕದಲ್ಲಿ ಕಾಫಿಯನ್ನು ಬೆಳೆಗಾರರು ತಮಗೆ ಬೇಕಾದವರಿಗೆ ಮಾರಬಹುದು ಎಂದಾದ ಮೇಲೆ ಕಾಫಿಗೂ ಕೈ ಹಾಕಿದರು. ಕೈ ಹಾಕಿದರು ಎಂದರೆ ನಿಜವಾಗಿಯೂ ಕೈ ಹಾಕಿದರು. ಕಾಫಿ ಸರಿಯಾಗಿ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಬೇರೆ ವ್ಯಾಪಾರಿಗಳು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದರು, ಕಿವಿಯ ಹತ್ತಿರ ಹಿಡಿದು ಗಲಗಲ ಅಲ್ಲಾಡಿಸುತ್ತಿದ್ದರು. ಶಿವಯ್ಯನವರು ಹಾಗೆಲ್ಲ ಮಂಗಾಟ ಮಾಡಿದವರಲ್ಲ. ಚೀಲದ ಬಾಯಿ ಬಿಚ್ಚಿಸಿ, ಮೊಣಕೈವರೆಗೆ ಕೈ ಇಳಿಸಿ, ಒಳಗೆ ಬೆರಳಾಡಿಸಿ, ‘ಆಯ್ತು’ ಅನ್ನುತ್ತಿದ್ದರು. ಇಲ್ಲವೇ ‘ಇನ್ನೊಂದು ಬಿಸಿಲು ಬೇಕು’ ಅನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ಒಂದು ಬಿಸಿಲು ಎಂದರೆ ಒಂದು ದಿನದ ಒಣಗು. ಹೊತ್ತು ತಂದ ಚೀಲವನ್ನು ಹೊತ್ತುಕೊಂಡು ಹೋಗಿ, ಕಣದಲ್ಲಿ ಹರವಿ ಮತ್ತೆ ತರಬೇಕು. ಎಂಥ ದೊಡ್ಡ ಎಸ್ಟೇಟಿನವರೂ ಎದುರಾಡುತ್ತಿರಲಿಲ್ಲ.

ಆ ಕೈ ವಂಶದಲ್ಲಿ ಬರುವಂಥದ್ದು ಎಂದು ಶಿವಯ್ಯನವರ ನಂಬಿಕೆ. ಹಾಗಾಗಿ ಕಾಳುಮೆಣಸಿನ ಕಾಲದಿಂದಲೇ ಮಗನ ಕೈಯನ್ನು ಹಾಲಿನ ಕೆನೆಯ ಹಾಗೆ ಸಾಕಿದರು. ಷಡಕ್ಷರಿ ಕ್ರಿಕೆಟ್ ಆಡುವಂತಿಲ್ಲ, ಚೆಂಡು ಅಂಗೈಗೆ ಬಡಿಯುತ್ತದೆ. ಕಬಡ್ಡಿ ಆಡುವಂತಿಲ್ಲ, ಚರ್ಮ ತರಚುತ್ತದೆ. ಬಾವಿಯ ಹಗ್ಗ ಮುಟ್ಟುವಂತಿಲ್ಲ, ಎಲೆಗೆ ಸುಣ್ಣ ಹಚ್ಚುವಂತಿಲ್ಲ. ಮಲಗುವ ಮುಂಚೆ ಅಂಗೈಗೆ ಕೊಬ್ಬರಿ ಎಣ್ಣೆ. ಮದುವೆಯಾಗಿ ಬಂದ ಪ್ರೇಮಕುಮಾರಿ ಮೊದಲ ಸಲ ಗಂಡನ ಕೈ ಹಿಡಿದಾಗ ಬೆಚ್ಚಿಬಿದ್ದಳಂತೆ. ‘ನನ್ನ ಕೈಗಿಂತ ನಿಮ್ದೇ ಮೆತ್ತಗಿದೆಯಲ್ರೀ!’ ಎಂದಳಂತೆ. ಇದನ್ನೂ ಊರಿಗೆಲ್ಲ ಹೇಳಿದವನು ಷಡಕ್ಷರಿಯೇ.

ಕೈ ಕಲಿಸಿದ ದಿನ ಶಿವಯ್ಯನವರು ಹೇಳಿದ್ದು ಇಷ್ಟೆ: ‘ಚೀಲ ನೋಡ್ಬೇಡ. ತಲೆ ಎತ್ತು. ಮಾರೋಕೆ ಬಂದವ್ರ ಕಡೆ ನೋಡ್ತಾ ಕೈ ಆಡ್ಸು. ಕೈ ತಾನೇ ಹೇಳ್ತದೆ.’ ಅಪ್ಪ ತೀರಿಕೊಂಡ ಮೇಲೆ ಮಗ ಹಾಗೆಯೇ ನಡೆದ. ಕೈ ಹೇಳಿತು ಅಂತಲೇ ಅಂದುಕೊಂಡ. ಊರೂ ಅಂದುಕೊಂಡಿತು. ಶಿವಯ್ಯನವರ ಕೈ ಮಗನಿಗೆ ಬಂದಿದೆ ಎಂದು ಹಿರಿಯರು ತಲೆದೂಗಿದರು. ಆ ಕೈ ಹೋದರೆ ಷಡಕ್ಷರಿಗೆ ಅಂಗಡಿ ಹೋದಂತೆ, ಅದಕ್ಕಿಂತ ಹೆಚ್ಚಾಗಿ ಶಿವಯ್ಯನವರ ಮಗ ಎಂದು ಕರೆಸಿಕೊಳ್ಳುವ ಮುಖವೇ ಹೋದಂತೆ.

ಇಂಥ ಕೈಯ ಮಾಲೀಕ ಒಂದು ದಿನ ಎಲ್ಲರೆದುರು ಅಂಗಡಿಯಲ್ಲಿ ಕುಕ್ಕರಿಸಿ ಕೂತ. ಆದದ್ದು ಇಷ್ಟೆ. ಹಮಾಲಿ ಭೂತಯ್ಯ ನೆಂಟರ ಮದುವೆಗೆ ಹೋಗಿದ್ದ. ಅಂಗಡಿಯ ಮುಂದೆ ಜನ. ಯಾರೋ ‘ಸಾವ್ಕಾರ್ರೇ, ನೀವೇ ಒಂದು ಕೈ ಹಾಕಿ’ ಎಂದು ತಮಾಷೆ ಮಾಡಿದರು. ಷಡಕ್ಷರಿಗೆ ಅದೇನು ಹುಮ್ಮಸ್ಸು ಬಂತೋ, ಪಂಚೆ ಎತ್ತಿ ಕಟ್ಟಿ ಚೀಲಕ್ಕೆ ಕೈ ಕೊಟ್ಟ. ಚೀಲ ಮೊಣಕಾಲಿನವರೆಗೆ ಬಂತು. ಆಮೇಲೆ ಚೀಲ ಇವನನ್ನು ಕೆಳಗೆ ಕರೆದುಕೊಂಡು ಹೋಯಿತು. ಜನ ನೋಡುವಾಗ ಸಾಹುಕಾರ್ರು ನೆಲದ ಮೇಲೆ, ಚೀಲ ಅವರ ತೊಡೆಯ ಮೇಲೆ, ಹೊಸ ಮೊಮ್ಮಗನನ್ನು ಕೂರಿಸಿಕೊಂಡ ಅಜ್ಜನ ಹಾಗೆ. ‘ಏಳೋಕೆ ಮನಸ್ಸಿಲ್ಲ, ಹೀಗೇ ವ್ಯಾಪಾರ ಮಾಡ್ತೀನಿ’ ಎಂದು ಷಡಕ್ಷರಿಯೇ ಹೇಳಿ ನಕ್ಕ. ಎಲ್ಲರೂ ನಕ್ಕರು. ಮನೆಗೆ ಬಂದು ಸೊಂಟಕ್ಕೆ ಬಿಸಿನೀರು ಹಾಕಿಸಿಕೊಳ್ಳುವಾಗ ಮಾತ್ರ ಅವನಿಗೆ ನಗು ಬರಲಿಲ್ಲ. ಥೂ, ಇದೂ ಒಂದು ಗಂಡಸಿನ ಮೈಯಾ ಎಂದು ಅಳುವೇ ಬಂತು.

ಮರುವಾರವೇ ಗಿಡ್ಡಪ್ಪನ ವ್ಯಾಯಾಮಶಾಲೆಗೆ ಸೇರಿದ. ಗಿಡ್ಡಪ್ಪ ಮಿಲಿಟರಿಯಿಂದ ಬಂದವನು. ಹೆಸರು ಗಿಡ್ಡಪ್ಪ, ಆಳು ಆರಡಿ. ಬಸ್‌ಸ್ಟ್ಯಾಂಡಿನ ಹಿಂದಿನ ಹಳೆಯ ಹಂಚಿನ ಗೋಡೌನಿನಲ್ಲಿ ಒಂದು ಬೆಂಚು, ಒಂದು ಕನ್ನಡಿ, ಕಬ್ಬಿಣದ ಸಲಾಕೆಗಳು, ಅವುಗಳ ಎರಡು ತುದಿಗೆ ಡಾಲ್ಡಾ ಡಬ್ಬಿಯಲ್ಲಿ ಸಿಮೆಂಟು ತುಂಬಿಸಿ ಎರಕ ಹೊಯ್ದ ಭಾರಗಳು. ಅಷ್ಟರಲ್ಲೇ ಅವನು ಕಾಲೇಜು ಹುಡುಗರ ಎದೆಯನ್ನು ಹಲಗೆಯಷ್ಟು ಅಗಲ ಮಾಡುತ್ತಿದ್ದ.

ಮೊದಲ ದಿನವೇ ಷಡಕ್ಷರಿಗೆ ಧರ್ಮಸಂಕಟ. ಸಲಾಕೆ ಹಿಡಿದರೆ ಅಂಗೈ ಜಡ್ಡುಗಟ್ಟುತ್ತದೆ. ಜಡ್ಡುಗಟ್ಟಿದರೆ ಕೈ ಸತ್ತಿತು. ಹಿಡಿಯದಿದ್ದರೆ ಮೈ ಇದ್ದೂ ಸತ್ತ ಹಾಗೆ. ಇದಕ್ಕೆ ಗ್ಲೌಸೇ ಪರಿಹಾರ ಎಂದು ಅವನಿಗೆ ಹೊಳೆಯಿತು. ಹೊಳೆದದ್ದೇನೋ ಸರಿ, ಆದರೆ ಕಳಸದ ಪೇಟೆಯಲ್ಲಿ ಗ್ಲೌಸು ಎಲ್ಲಿದೆ? ತೋಟಕ್ಕೆ ಔಷಧಿ ಹೊಡೆಯುವಾಗ ಹಾಕುವ ರಬ್ಬರಿನ ಗ್ಲೌಸು ಸಿಕ್ಕಿತು. ಹಳದಿ ಬಣ್ಣ, ಮೊಣಕೈ ತನಕ ಉದ್ದ. ಅದನ್ನು ತೊಟ್ಟು ಷಡಕ್ಷರಿ ಗೋಡೌನಿನೊಳಗೆ ಕಾಲಿಟ್ಟಾಗ ಗಿಡ್ಡಪ್ಪ ಎತ್ತಿದ ಭಾರವನ್ನು ಕೆಳಗಿಟ್ಟ.

‘ಎಂತ ಸಾವ್ಕಾರ್ರೇ, ಹೆರಿಗೆ ಮಾಡ್ಸೋಕೆ ಬಂದ್ರಾ?’

ಅಂದಿನಿಂದ ಹುಡುಗರ ಬಾಯಲ್ಲಿ ಅವನಿಗೆ ‘ಡಾಕ್ಟ್ರು’ ಎಂದೇ ಹೆಸರಾಯಿತು. ಆ ರಬ್ಬರಿನೊಳಗೆ ಬೆವರು ತುಂಬಿ ಸಲಾಕೆ ಜಾರಿ, ಡಾಲ್ಡಾ ಡಬ್ಬಿ ಗಿಡ್ಡಪ್ಪನ ಹೆಬ್ಬೆರಳಿನ ಪಕ್ಕದಲ್ಲೇ ಬಿತ್ತು. ಆಮೇಲೆ ಪ್ರೇಮಕುಮಾರಿ ಚಳಿಗಾಲಕ್ಕೆಂದು ಹೆಣೆದಿಟ್ಟ ಉಣ್ಣೆಯ ಕೈಗವಸು. ಅದು ಸಲಾಕೆಯ ತುಕ್ಕನ್ನೆಲ್ಲ ಒರೆಸಿ ಫಳಫಳ ಮಾಡಿತು, ಹಿಡಿತ ಮಾತ್ರ ಕೊಡಲಿಲ್ಲ. ಕೊನೆಗೆ ಚಿಕ್ಕಮಗಳೂರಿಗೆ ಹೋದಾಗ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ನಿಜವಾದ ಗ್ಲೌಸು ಕೊಂಡ. ಕಪ್ಪು ಚರ್ಮ, ಅರ್ಧ ಬೆರಳು, ಹಿಂಗೈಗೆ ಬಲೆ, ಮಣಿಕಟ್ಟಿಗೆ ಚರ್ರೆಂದು ಕಿತ್ತು ಅಂಟಿಸುವ ಪಟ್ಟಿ. ಅದನ್ನು ತೊಟ್ಟು ಮನೆಯ ಕನ್ನಡಿಯ ಮುಂದೆ ಮುಷ್ಟಿ ಕಟ್ಟಿ ನಿಂತ. ‘ಯಾರಿಗೆ ಹೊಡೀತೀರಿ?’ ಎಂದು ಪ್ರೇಮಕುಮಾರಿ ಅಡುಗೆಮನೆಯಿಂದಲೇ ಕೇಳಿದಳು.

ಗಿಡ್ಡಪ್ಪನಿಗೆ ಅದೂ ಹಿಡಿಸಲಿಲ್ಲ. ‘ನೋಡಿ, ಕಬ್ಬಿಣ ಕೈಗೆ ತಾಗ್ಬೇಕು. ಜಡ್ಡು ಬೀಳ್ಬೇಕು. ಒಮ್ಮೆ ಜಡ್ಡು ಬಿತ್ತಾ, ಅದೇ ಗ್ಲೌಸು. ಕೊಂಡ್ಕೊಂಡು ಬರೋದೆಂತಕ್ಕೆ ಮಾರಾಯ್ರೇ!’

‘ನನ್ನ ಕೈಯ ವಿಷ್ಯ ನಿಂಗೆ ಗೊತ್ತಿಲ್ವಾ ಗಿಡ್ಡಪ್ಪ?’

‘ಗೊತ್ತಿಲ್ದೇ ಎಂತ. ದೇವ್ರ ಕೈ. ಹಾಗಾದ್ರೆ ಕೈಯನ್ನ ದೇವರ ಕೋಣೇಲಿ ಇಟ್ಟು ಬನ್ನಿ, ಉಳ್ದದ್ದನ್ನ ನಾನು ನೋಡ್ಕೊಳ್ತೀನಿ.’

ಹುಡುಗರು ಹೋ ಎಂದು ನಕ್ಕರು. ಷಡಕ್ಷರಿಯೂ ನಕ್ಕ, ಗ್ಲೌಸು ಮಾತ್ರ ಬಿಚ್ಚಲಿಲ್ಲ. ಬಿಚ್ಚಿದ್ದು ಮಳೆಗಾಲ ಹಿಡಿದ ಮೇಲೆ. ಮಳೆಗಾಲದಲ್ಲಿ ಕಾಫಿ ವ್ಯಾಪಾರ ಇಲ್ಲ, ಕೈಗೂ ಕೆಲಸವಿಲ್ಲ. ಅಷ್ಟು ಹೊತ್ತಿಗೆ ಅವನ ಅಂಗಿಯ ತೋಳು ಬಿಗಿಯತೊಡಗಿತ್ತು. ಬಚ್ಚಲಲ್ಲಿ ತೋಳು ಮಡಚಿ ತಾನೇ ಒತ್ತಿ ನೋಡಿಕೊಳ್ಳುವ ಚಟ ಬೇರೆ. ಒಂದು ಸಂಜೆ ಗಿಡ್ಡಪ್ಪ, ‘ಆ ಚರ್ಮ ಕಿತ್ತೆಸೆದ್ರೆ ಈಗ್ಲೇ ಇನ್ನೊಂದು ಡಬ್ಬಿ ಜಾಸ್ತಿ ಎತ್ತೀರಿ, ಬರೆದುಕೊಡ್ತೀನಿ’ ಎಂದ. ಷಡಕ್ಷರಿ ಚರ್ರೆಂದು ಪಟ್ಟಿ ಕಿತ್ತ. ಬರಿಗೈಯಲ್ಲಿ ಎತ್ತಿದ. ಎತ್ತಿಯೇಬಿಟ್ಟ! ಹುಡುಗರು ಚಪ್ಪಾಳೆ ತಟ್ಟಿದರು. ಹುಟ್ಟಿದಾರಭ್ಯ ಅವನ ಮೈಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಆಮೇಲೆ ಗ್ಲೌಸು ಯಾರಿಗೆ ಬೇಕು? ಮಳೆ ನಿಲ್ಲುವಷ್ಟರಲ್ಲಿ ಬೆರಳುಗಳ ಬುಡದಲ್ಲಿ ಸಾಲಾಗಿ ಜಡ್ಡು ಕೂತಿತ್ತು. ಅದನ್ನು ನೆಂಟರಿಗೆಲ್ಲ ತೋರಿಸಿಕೊಂಡು ತಿರುಗಿದ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ತೋರಿಸಿದ.

ಡಿಸೆಂಬರ್ ಬಂತು. ಸುಗ್ಗಿಯ ಮೊದಲ ಚೀಲ. ಷಡಕ್ಷರಿ ಕೈ ಇಳಿಸಿದ. ಒಳಗೆ ಏನೂ ಇಲ್ಲ! ಕಾಫಿ ಇತ್ತು, ಕೈಗೆ ಸುದ್ದಿ ಬರಲಿಲ್ಲ. ಕಂಬಳಿ ಹೊದ್ದು ಹುಣಸೆಬೀಜ ಮುಟ್ಟಿದ ಹಾಗಿತ್ತು. ನನ್ನ ಕೈ ಹೋಯಿತು, ಅಪ್ಪನ ಕೈ ಹೋಯಿತು, ನಾಲ್ಕು ಹುಡುಗರ ಚಪ್ಪಾಳೆಗೆ ಕೊಟ್ಟುಬಿಟ್ಟೆನಲ್ಲಾ ಎಂದು ಒಳಗೊಳಗೇ ಬಾಯಿ ಬಡಿದುಕೊಂಡ. ಜನ ಕಾಯುತ್ತಿದ್ದರು. ಏನಾದರೂ ಹೇಳಲೇಬೇಕಲ್ಲ. ಮುಖ ಗಂಭೀರ ಮಾಡಿ ಬಾಯಿಗೆ ಬಂದದ್ದು ಹೇಳಿದ: ‘ಆಯ್ತು, ತೂಕಕ್ಕೆ ಹಾಕಿ.’

ಮಾರನೆಯ ದಿನ ಶಾಂತವೀರಪ್ಪನವರ ಜೀಪು ಬಂತು. ದೊಡ್ಡ ಬೆಳೆಗಾರರು, ಶಿವಯ್ಯನವರ ಕಾಲದಿಂದ ಇದೇ ಅಂಗಡಿಗೆ ಮಾರುವವರು. ಷಡಕ್ಷರಿ ದೇವರ ಮೇಲೆ ಭಾರ ಹಾಕಿ ಚೀಲಕ್ಕೆ ಕೈ ಹಾಕಿದ. ಮತ್ತೆ ಅದೇ ಕಂಬಳಿ. ಶಾಂತವೀರಪ್ಪನವರು ಶಲ್ಯ ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು, ‘ಈ ವರ್ಷ ಚಳಿ ಜೋರು ನೋಡು’ ಎಂದರು.

‘ಇನ್ನೊಂದು ಬಿಸಿಲು ಬೇಕು ಶಾಂತವೀರಪ್ಪನೋರೆ’ ಎಂಬ ಮಾತು ಷಡಕ್ಷರಿಯ ಬಾಯಿಂದ ತಾನಾಗಿ ಬಿತ್ತು.

ಶಾಂತವೀರಪ್ಪನವರು ದೊಡ್ಡದಾಗಿ ನಕ್ಕರು. ‘ಸೈ ಮಾರಾಯ! ತೋಟದ ಲೆಕ್ಕ ಬರೆಯೋ ರೈಟ್ರಿಗೆ ಹೇಳಿದ್ದೆ, ಶಿವಯ್ಯನ ಮಗನ ಹತ್ರ ಇದು ನಡೆಯೋದಿಲ್ಲ, ಇನ್ನೊಂದಿನ ಕಣದಲ್ಲಿರ್ಲಿ ಅಂತ. ಅವ ಕೇಳ್ಬೇಕಲ್ಲ.’

ಷಡಕ್ಷರಿ ತಬ್ಬಿಬ್ಬಾದ. ಅದು ಹೇಗೆ ಸರಿಯಾಯಿತು? ಆ ಸುಗ್ಗಿಯಿಡೀ ಹೀಗೆಯೇ ನಡೆಯಿತು. ಕೈಗೆ ಏನೂ ಗೊತ್ತಾಗದು, ಬಾಯಿ ಹೇಳಿದ್ದು ಸರಿಯಾಗುತ್ತಿತ್ತು. ಅಷ್ಟಿಷ್ಟು ಹೆಚ್ಚುಕಮ್ಮಿಯಾದರೂ ಬಯಲಾಗುತ್ತಿರಲಿಲ್ಲ. ಕೊಂಡ ಕಾಫಿಯನ್ನೆಲ್ಲ ಲಾರಿಗೆ ಹೇರುವ ಮುಂಚೆ ಹಿತ್ತಲಿನ ಕಣದಲ್ಲಿ ಮತ್ತೊಮ್ಮೆ ಹರವಿ ಒಣಗಿಸುವುದು ಶಿವಯ್ಯನವರ ಕಾಲದ ಪದ್ಧತಿ. ತಪ್ಪಿದ್ದರೆ ಅಲ್ಲೇ ಒಣಗಿಹೋಗುತ್ತಿತ್ತು. ಆದರೂ ಷಡಕ್ಷರಿಗೆ ನೆಮ್ಮದಿಯಿಲ್ಲ. ಇಂದಲ್ಲ ನಾಳೆ ಸಿಕ್ಕಿಬೀಳುತ್ತೇನೆ ಎಂದು ಊಟ ಸೇರುತ್ತಿರಲಿಲ್ಲ. ಸುಗ್ಗಿ ಮುಗಿದದ್ದೇ ತಡ ಗಿಡ್ಡಪ್ಪನಿಗೆ ಕೈಮುಗಿದು ಮನೆಯಲ್ಲಿ ಕೂತ. ಹರಳೆಣ್ಣೆ, ಬೆಣ್ಣೆ, ಕಾಲುಜ್ಜುವ ಕಲ್ಲು. ಮಳೆಗಾಲ ಪೂರ್ತಿ ಬಾಣಂತಿಯ ಹಾಗೆ ಆರೈಕೆ ಮಾಡಿಸಿಕೊಂಡ. ಜಡ್ಡು ಕರಗಿತು, ಅಂಗೈ ಮೊದಲಿನಂತೆ ಮೆತ್ತಗಾಯಿತು, ತೋಳೂ ಮೊದಲಿನಂತೆ ಮೆತ್ತಗಾಯಿತು.

ಕೈ ಬಂದಿದೆಯಾ ನೋಡೋಣ ಎಂದು ಹೊಸ ಸುಗ್ಗಿಯ ಹೊತ್ತಿಗೆ ಪ್ರೇಮಕುಮಾರಿ ಮೂರು ಮೊರದಲ್ಲಿ ಕಾಫಿ ತಂದಿಟ್ಟಳು. ಒಂದು ಪೂರ್ತಿ ಒಣಗಿದ್ದು, ಒಂದು ಅರೆಬರೆ, ಒಂದು ಹಸಿ ಆರದ್ದು. ಗಂಡನ ಕಣ್ಣಿಗೆ ಟವೆಲು ಕಟ್ಟಿದಳು. ಷಡಕ್ಷರಿ ಒಂದೊಂದರಲ್ಲೂ ಬೆರಳಾಡಿಸಿದ, ನಿಧಾನವಾಗಿ, ಅಪ್ಪನನ್ನು ನೆನೆದು. ಪೂರ್ತಿ ಒಣಗಿದ್ದಕ್ಕೆ ಇನ್ನೊಂದು ಬಿಸಿಲು ಬೇಕೆಂದ. ಅರೆಬರೆಯದನ್ನು ಲಾರಿಗೆ ಹೇರಿ ಎಂದ. ಪ್ರೇಮಕುಮಾರಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಟವೆಲಿನೊಳಗೂ ಕೇಳಿಸಿತು.

‘ಜಡ್ಡು ಪೂರ್ತಿ ಹೋಗಿಲ್ಲ ಕಾಣುತ್ತೆ’ ಎಂದ ಷಡಕ್ಷರಿ.

‘ಜಡ್ಡೂ ಇಲ್ಲ ಎಂತದೂ ಇಲ್ಲ’ ಎಂದಳು ಅವಳು ಗಂಟು ಬಿಚ್ಚುತ್ತ. ‘ನಿಮ್ಮ ಕೈಗೆ ಯಾವತ್ತೂ ಎಂತದೂ ಗೊತ್ತಾಗಿಲ್ಲ ಕಣ್ರೀ. ಅಂಗಡಿಗೆ ಊಟ ತಂದಾಗೆಲ್ಲ ನೋಡಿದೀನಿ. ನಿಮ್ಮ ಕೈ ಚೀಲದಲ್ಲಿರುತ್ತೆ, ಕಣ್ಣು ಅವ್ರ ಮುಖದಲ್ಲಿರುತ್ತೆ. ಕಾಫಿ ಹಸಿ ಇದ್ರೆ ಅವ್ರಿಗೇ ಗೊತ್ತಿರುತ್ತಲ್ಲ, ಮುಖ ಒಂಥರಾ ಆಗುತ್ತೆ. ನೀವು ಅದನ್ನ ನೋಡಿ ಹೇಳ್ತೀರಿ.’

ಷಡಕ್ಷರಿ ಮೊರಗಳ ಮುಂದೆ ಬೆಪ್ಪನಂತೆ ಕೂತ. ‘ತಲೆ ಎತ್ತು’ ಎಂದಿದ್ದರಲ್ಲ ಅಪ್ಪ! ಅದನ್ನು ಅವನು ಇಷ್ಟು ವರ್ಷ ಗಿರಾಕಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದ. ಅಪ್ಪನಿಗಾದರೂ ಇದು ಗೊತ್ತಿತ್ತೋ, ಅವರೂ ಕೈಯನ್ನೇ ನಂಬಿ ಹೋದರೋ, ಯಾರನ್ನು ಕೇಳುವುದು? ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ನಗು ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ. ಆಡದೇ ಬಿಟ್ಟ ಕ್ರಿಕೆಟ್ಟು, ಹಚ್ಚದೇ ಬಿಟ್ಟ ಸುಣ್ಣ, ಲೀಟರುಗಟ್ಟಲೆ ಕೊಬ್ಬರಿ ಎಣ್ಣೆ, ಹಳದಿ ಗ್ಲೌಸು, ಎಲ್ಲವೂ ನೆನಪಾಗಿ ನಕ್ಕ. ಗ್ಲೌಸು ಹಾಕಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡದ್ದು ಒಂದು ಚಮಚ, ಒಂದು ಸೌಟು ಮಾಡುವ ಕೆಲಸವನ್ನಷ್ಟೇ ಮಾಡುವ ಕೈಗಾಗಿ!

ಮರುದಿನವೇ ಗಿಡ್ಡಪ್ಪನಲ್ಲಿಗೆ ಓಡಿದ, ಬರಿಗೈಯಲ್ಲಿ, ಧೈರ್ಯವಾಗಿ. ಅಲ್ಲಿ ಕಾಲ ಬದಲಾಗಿತ್ತು. ಡಾಲ್ಡಾ ಡಬ್ಬಿ ಹೋಗಿ ಕಬ್ಬಿಣದ ಬಿಲ್ಲೆಗಳು ಬಂದಿದ್ದವು. ಹುಡುಗರೆಲ್ಲರ ಕೈಯಲ್ಲೂ ಅರ್ಧ ಬೆರಳಿನ ಕಪ್ಪು ಗ್ಲೌಸು. ಗಿಡ್ಡಪ್ಪನೇ ತರಿಸಿ ಮಾರುತ್ತಿದ್ದ. ‘ಎಂತ ಸಾವ್ಕಾರ್ರೇ, ಬರೀ ಕೈಯಾ? ಹಳೇ ಕಾಲದವ್ರ ಹಾಗೆ’ ಎಂದ ಆ ಪುಣ್ಯಾತ್ಮ. ಎಲ್ಲರೂ ಬಿಟ್ಟಾಗ ಹಾಕಿದವನು, ಎಲ್ಲರೂ ಹಾಕಿದಾಗ ಬಿಟ್ಟವನು, ನನ್ನ ಹಣೆಬರಹವೇ ಇಷ್ಟು ಎಂದು ಷಡಕ್ಷರಿ ಸಲಾಕೆ ಹಿಡಿದ.

ಅದಾದ ಎರಡೋ ಮೂರೋ ಸುಗ್ಗಿಗೆ ಮೀಟರು ಬಂತು. ಒಂದು ಬಟ್ಟಲು ಕಾಳು ಸುರಿದರೆ ಎಷ್ಟು ಒಣಗಿದೆ ಎಂದು ಅಂಕಿ ತೋರಿಸುವ ಪೆಟ್ಟಿಗೆ. ಚಿಕ್ಕಮಗಳೂರಿನಲ್ಲಿ ಕಾಫಿ ಕೊಳ್ಳುವವರು ಅದರ ಲೆಕ್ಕವೇ ಬೇಕು ಎಂದು ಕೂತಾಗ ಷಡಕ್ಷರಿಯೂ ಒಂದು ತರಿಸಿ ಮೇಜಿನ ಮೇಲಿಟ್ಟ. ಅವನಿಗೆ ಅದು ಒಳ್ಳೆಯ ಆಟವಾಯಿತು. ಮೊದಲು ಚೀಲಕ್ಕೆ ಕೈ ಹಾಕಿ ತೀರ್ಪು ಹೇಳುವುದು, ಆಮೇಲೆ ಪೆಟ್ಟಿಗೆಗೆ ಸುರಿಯುವುದು. ಎಸ್ಟೇಟಿನವರು ಬಂದಾಗಲೆಲ್ಲ ಎರಡೂ ಒಂದೇ. ಅವರು ಕಾರಿನ ಬೀಗದ ಕೈ ತಿರುಗಿಸುತ್ತ ರಾಜಕೀಯ ಮಾತಾಡಿದರೆ ಹಸಿ, ‘ಬೇಗ ಮಾಡು ಮಾರಾಯ’ ಎಂದು ರೇಗಿದರೆ ಒಣ. ‘ನಿಮ್ಮ ಕೈ ಮುಂದೆ ಮಷೀನು ಎಂತಕ್ಕೆ?’ ಎಂದು ಜನ ಬೆರಗಾದರು. ‘ಮುಖ ಓದೋದೂ ಒಂದು ವಿದ್ಯೆ ಕಣೇ’ ಎಂದು ಷಡಕ್ಷರಿ ಹೆಂಡತಿಯ ಮುಂದೆ ಮೀಸೆ ತಿರುವಿದ. ಕೈ ಹೋದರೇನು, ಶಿವಯ್ಯನವರ ಮಗನ ಮಾನ ಉಳಿಯಿತು.

ಆಗ ಬಂದಳು ಜವರಮ್ಮ. ಗುಡ್ಡದಾಚೆ ಅವಳಿಗೆ ಒಂದು ಚೂರು ತೋಟ. ಜೀಪು ಹೋಗುವ ದಾರಿಯಲ್ಲ. ಹಣ್ಣನ್ನು ಸಿಪ್ಪೆಯ ಸಮೇತ ಒಣಗಿಸಿ, ಚೀಲ ತಲೆಯ ಮೇಲೆ ಹೊತ್ತು, ಗುಡ್ಡ ಹತ್ತಿ ಇಳಿದು ಪ್ರತಿ ವರ್ಷ ಇದೇ ಅಂಗಡಿಗೆ ಬರುವವಳು. ಎಲ್ಲರ ಹಿಂದೆ ನಿಂತು ತನ್ನ ಸರದಿ ಬಂದಾಗ ಚೀಲ ಬಿಚ್ಚಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತ ನಿಂತಳು.

ಷಡಕ್ಷರಿ ಕೈ ಇಳಿಸಿದ. ‘ಇನ್ನೊಂದು ಬಿಸಿಲು ಬೇಕು ಜವರಮ್ಮ’ ಎಂದು ಬಾಯಿ ಹೇಳಿಯಾಗಿತ್ತು. ಪ್ರತಿ ವರ್ಷವೂ ಹೇಳುವ ಮಾತು ಅದು. ಜವರಮ್ಮನ ಕಾಫಿಗೆ ಬಿಸಿಲೇ ತಾಗೋದಿಲ್ಲ ಎಂದು ಅಂಗಡಿಯಲ್ಲಿ ಅದೊಂದು ಹಳೆಯ ತಮಾಷೆ. ಆಟಕ್ಕೆಂದು ಒಂದು ಬಟ್ಟಲು ಪೆಟ್ಟಿಗೆಗೆ ಸುರಿದ. ಅಂಕಿ ಮೂಡಿತು. ಒಣಗಿದೆ ಎಂದಿತು ಪೆಟ್ಟಿಗೆ. ಬರೀ ಒಣಗಿದ್ದಲ್ಲ, ಆ ದಿನ ಬಂದವರ ಪೈಕಿ ಅವಳದ್ದೇ ಎಲ್ಲಕ್ಕಿಂತ ಚೆನ್ನಾಗಿ ಒಣಗಿದ್ದು.

ಪೆಟ್ಟಿಗೆ ಕೆಟ್ಟಿರಬೇಕೆಂದು ಚೀಲದ ತಳದಿಂದ ತೆಗೆದು ಮತ್ತೆ ಸುರಿದ. ಅದೇ ಅಂಕಿ. ತಲೆ ಎತ್ತಿ ಜವರಮ್ಮನ ಮುಖ ನೋಡಿದ. ಅದೇ ಮುಖ. ಕಣ್ಣು ನೆಲದಲ್ಲಿ, ಹಣೆಯಲ್ಲಿ ಬೆವರು, ತುಟಿ ಒಣಗಿದೆ. ಹಸಿ ಕಾಫಿ ತಂದವರ ಮುಖ.

‘ಎಂತಕ್ಕೆ ಹೀಗೆ ನಿಲ್ತೀಯ ಜವರಮ್ಮ?’ ಎಂದು ಕೇಳಿದ. ಯಾವತ್ತೂ ಕೇಳಿರದ ಪ್ರಶ್ನೆ ಅದು.

‘ಎಂತ ಮಾಡೋದು ಸಾವ್ಕಾರ್ರೇ, ನೀವು ಕೈ ಹಾಕಿದ ಕೂಡ್ಲೇ ನನ್ನ ಎದೆ ಡವಡವ ಅಂತದೆ’ ಎಂದಳು ಅವಳು. ‘ನಿಮ್ಮಪ್ಪನೋರ ಕಾಲದಿಂದ್ಲೂ ಹಾಗೇ. ಎಂತ ಹೇಳ್ತಾರೋ, ಮತ್ತೆ ಗುಡ್ಡ ಹತ್ಬೇಕೋ ಎಂತದೋ ಅಂತ ಹೆದರಿಕೆ.’

ಷಡಕ್ಷರಿ ಬಟ್ಟಲು ಕೆಳಗಿಟ್ಟ. ಇವಳು ಮೋಸಗಾರ್ತಿಯಾಗಿ ನಿಂತದ್ದಲ್ಲ, ಹೆದರಿ ನಿಂತದ್ದು. ಆ ಹೆದರಿಕೆಯನ್ನೇ ಹಸಿ ಎಂದು ಓದಿ ಪ್ರತಿ ವರ್ಷ ಹಿಂದೆ ಕಳಿಸಿದವನು ತಾನು. ಹೀಗೆ ನೆಲ ನೋಡುತ್ತ ನಿಂತವರು ಇನ್ನೂ ಎಷ್ಟು ಜನವೋ! ಗುಡ್ಡದಾಚೆಯವರೆಲ್ಲ ಹಾಗೆಯೇ ನಿಲ್ಲುತ್ತಿದ್ದರು. ರೇಗಲು ಧೈರ್ಯವಿದ್ದವರ ಕಾಫಿಯೆಲ್ಲ ಒಣಗಿದ್ದು, ಹೆದರಿದವರ ಕಾಫಿಯೆಲ್ಲ ಹಸಿ. ಮುಖ ಓದುವ ವಿದ್ಯೆಯಂತೆ! ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

‘ಒಣಗಿದೆ ಜವರಮ್ಮ. ನಾನೇ ತಪ್ಪು ಹೇಳಿದ್ದು. ಭೂತಯ್ಯ, ಚೀಲ ತೂಕಕ್ಕೆ ಹಾಕು.’

ಜವರಮ್ಮ ಚೀಲದ ಬಾಯಿ ಹಿಡಿದುಕೊಂಡಳು. ‘ಬೇಡ, ಬೇಡ. ನಿಮ್ಮ ಕೈ ಒಮ್ಮೆ ಹೇಳಿತಲ್ಲ, ಮುಗೀತು. ಆ ಪೆಟ್ಟಿಗೆಗೆ ಎಂತ ಗೊತ್ತು ಪಾಪ, ಪ್ಯಾಟೆಯಿಂದ ಬಂದದ್ದು.’

‘ಪೆಟ್ಟಿಗೆ ಸರಿ ಹೇಳಿದೆ. ನನ್ನ ಕೈಗೇ ಎಂತದೂ ಗೊತ್ತಾಗಲ್ಲ!’ ಎಂದ ಷಡಕ್ಷರಿ. ಗಟ್ಟಿಯಾಗಿಯೇ ಹೇಳಿದ. ಅಂಗಡಿಯ ತುಂಬ ಜನವಿದ್ದರು. ಹೇಳಿದ ಮೇಲೆ ಅಪ್ಪನ ಮಾನವನ್ನು ಪೇಟೆಯ ನಡುವೆ ಬಿಸಾಡಿದಂತಾಯಿತು. ಆದರೂ ಬಿಡಲಿಲ್ಲ. ‘ನಿಜ ಹೇಳ್ತಿದೀನಿ ಕೇಳಿ. ಈ ಕೈಗೆ ಯಾವತ್ತೂ ಎಂತದೂ ಗೊತ್ತಾಗಿಲ್ಲ. ಬರೀ ಸೌಟು ಇದು!’

ಅಂಗಡಿಗೆ ಅಂಗಡಿಯೇ ಗೊಳ್ಳೆಂದು ನಕ್ಕಿತು. ‘ಅಯ್ಯೋ ನಮ್ಮ ಸಾವ್ಕಾರ್ರೇ!’ ಎಂದು ಯಾರೋ ಕಣ್ಣೊರೆಸಿಕೊಂಡರು. ಭೂತಯ್ಯ ಚೀಲದ ಮೇಲೆ ಕೂತು ನಕ್ಕ. ಜೀವಮಾನವಿಡೀ ತನ್ನನ್ನು ತಾನೇ ಆಡಿಕೊಂಡವನ ಬಾಯಿಂದ ನಿಜ ಬಂದರೆ ನಂಬುವವರು ಯಾರು? ಜವರಮ್ಮನೂ ಸೆರಗು ಅಡ್ಡ ಹಿಡಿದು ನಕ್ಕಳು. ಷಡಕ್ಷರಿ ಚೀಲಕ್ಕೆ ಕೈ ಹಾಕಿ ತಡೆಯಲು ನೋಡಿದ. ‘ಬಿಡಿ ಸಾವ್ಕಾರ್ರೇ, ಒಂದು ಬಿಸಿಲಿಗೆ ಎಂತಾಗ್ತದೆ’ ಎಂದು ಅವಳು ಭೂತಯ್ಯನಿಂದ ಚೀಲ ತಲೆಗೆ ಹೊರಿಸಿಕೊಂಡಳು. ರಸ್ತೆ ದಾಟಿ ಗುಡ್ಡದ ದಾರಿ ಹಿಡಿದವಳನ್ನು ಷಡಕ್ಷರಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದ. ಎಸ್ಟೇಟಿನವರೊಬ್ಬರು ಒಳಗಿನಿಂದ ‘ಬೇಗ ಮಾಡು ಮಾರಾಯ’ ಎನ್ನುತ್ತಿದ್ದರು.

ಒಂದು ದಿನ ಬಿಟ್ಟು ಅವಳು ಮತ್ತೆ ಬಂದಳು. ಷಡಕ್ಷರಿ ಮೀಟರಿನ ಬಟ್ಟಲು ಕೈಗೆತ್ತಿಕೊಂಡ. ‘ಅದು ಬೇಡ, ಕೈ ಹಾಕಿ’ ಎಂದಳು ಜವರಮ್ಮ. ಬೇರೆ ದಾರಿಯಿರಲಿಲ್ಲ. ಅವನು ಚೀಲದೊಳಗೆ ಕೈ ಇಳಿಸಿದ, ಬೆರಳಾಡಿಸಿದ. ತಲೆ ಎತ್ತಲು ಧೈರ್ಯ ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಚೀಲವನ್ನೇ ನೋಡುತ್ತ ಹೇಳಿದ.

‘ಆಯ್ತು ಜವರಮ್ಮ. ಒಣಗಿದೆ.’

‘ನೋಡಿದ್ರಾ!’ ಎಂದಳು ಜವರಮ್ಮ, ಮುಖವೆಲ್ಲ ಅರಳಿಸಿಕೊಂಡು. ‘ಮೊನ್ನೆ ಆ ಪೆಟ್ಟಿಗೆ ಮಾತು ಕೇಳಿ ತಗೊಂಡಿದ್ರೆ ನಿಮ್ಗೆ ಮೋಸ ಆಗ್ತಿತ್ತು ಸಾವ್ಕಾರ್ರೇ.’